ಬಳ್ಳಿಯ ಕಸಿ, ಮೈಯ ಕಸಿ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತಿಕೋಟಾ ಕಡೆಗೆ ಹೊರಟರೆ ದ್ರಾಕ್ಷಿ ತೋಟಗಳು ಶುರುವಾಗುತ್ತವೆ. ನನ್ನ ತಮ್ಮನದೂ ಅಲ್ಲೇ. ಅವನು ಮೊದಲು ಡಾಗ್ರಿಜ್ ಎಂಬ ಕಾಡುಬಳ್ಳಿಯನ್ನು ನೆಡುತ್ತಾನೆ. ಸವಳು ನೀರು, ಬರ ಎರಡನ್ನೂ ತಾಳಿಕೊಳ್ಳುವ ಬೇರು ಅದರದು. ಬಳ್ಳಿ ಬಲಿತ ಮೇಲೆ ಕಾಂಡ ಕತ್ತರಿಸಿ, ಸೀಳಿ, ಥಾಮ್ಸನ್ ದ್ರಾಕ್ಷಿಯ ಕಡ್ಡಿ ಸಿಕ್ಕಿಸಿ ಪಟ್ಟಿ ಸುತ್ತುತ್ತಾನೆ. ಕೆಲವೇ ವಾರಗಳಲ್ಲಿ ಚಿಗುರು. ಬೇರು ಒಂದರದು, ಹಣ್ಣು ಇನ್ನೊಂದರದು, ಜಗಳವೇ ಇಲ್ಲ.

ಇದನ್ನು ಕಣ್ಣಾರೆ ಕಂಡ ತಮ್ಮನ ಹೆಂಡತಿಗೆ, ಮನುಷ್ಯರ ಮೈಯಲ್ಲಿ ಕಸಿ ಏಕಿಷ್ಟು ಕಷ್ಟ ಎಂಬುದು ಒಗಟು. ಅವಳ ಮಗಳಿಗೆ ಈಗ ಹತ್ತೊಂಬತ್ತು. ಒಂಬತ್ತನೆಯ ವಯಸ್ಸಿನಲ್ಲಿ ಟೈಪ್ ಒಂದು ಸಕ್ಕರೆ ಕಾಯಿಲೆ ಬಂತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ನಮಗೆ ಸಕ್ಕರೆ ಏರುವುದಕ್ಕಿಂತ ಇಳಿಯುವುದರ ಹೆದರಿಕೆಯೇ ಹೆಚ್ಚು. ರಾತ್ರಿ ಮೈ ಬೆವರಿ ತಣ್ಣಗಾದರೂ ಹುಡುಗಿಗೆ ಎಚ್ಚರವಾಗುವುದಿಲ್ಲ, ಎಚ್ಚರವಾಗುವುದು ತಾಯಿಗೆ.

ಒಂದು ದಿನ ಕೇಳಿದಳು: “ಅಕ್ಕಾರ, ಕಿಡ್ನಿ ಕೊಡ್ತಾರಲ್ರೀ, ಹಂಗ ನಂದ ಅರ್ಧಾ ಕೊಟ್ರ ನಡಿಯೂದಿಲ್ಲೇನ್ರಿ?”

ಹುಚ್ಚು ಪ್ರಶ್ನೆಯಲ್ಲ. 2005ರಲ್ಲಿ ಜಪಾನಿನ ಕ್ಯೋಟೋದಲ್ಲಿ 56ರ ತಾಯಿಯೊಬ್ಬಳು 27ರ ಮಗಳಿಗಾಗಿ ತನ್ನ ಮೇದೋಜೀರಕದ ಸುಮಾರು ಅರ್ಧ ಭಾಗ ಕೊಟ್ಟಳು. ವೈದ್ಯರು ಅದರೊಳಗೆ ಇನ್ಸುಲಿನ್ ತಯಾರಿಸುವ ಪುಟ್ಟ ಗುಚ್ಛಗಳನ್ನಷ್ಟೇ ಬಿಡಿಸಿ, ಮಗಳ ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಬಿಟ್ಟರು. 1869ರಲ್ಲಿ ಇವನ್ನು ಮೊದಲು ಗುರುತಿಸಿದವನು ಬರ್ಲಿನ್ನಿನ ಲ್ಯಾಂಗರ್‌ಹ್ಯಾನ್ಸ್. ಮುಂದೆ ಇವಕ್ಕೆ ‘ದ್ವೀಪ’ ಎಂಬ ಹೆಸರು ಬಿತ್ತು. ಮೂರು ವಾರ ಕಳೆದಾಗ ಆ ಮಗಳಿಗೆ ಇನ್ಸುಲಿನ್ ಬೇಡವಾಯಿತು.

ಆದರೆ ಅವಳ ಕಾಯಿಲೆಗೆ ಕಾರಣ ಮೇದೋಜೀರಕದ ಹಳೆಯ ಉರಿಯೂತ. ನಮ್ಮ ಹುಡುಗಿಯದು ಬೇರೆ. ಅವಳ ಮೈ ಕಾಯಬೇಕಾದ ರಕ್ತಕಣಗಳೇ ಸ್ವಂತ ದ್ವೀಪಗಳನ್ನು ಹಗೆಯೆಂದು ಬಗೆದು ಕೊಂದು ಹಾಕಿವೆ. ಆ ಕಣಗಳಿಗೆ ಮರೆವಿಲ್ಲ. 1980ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ತದ್ರೂಪಿ ಅವಳಿಗಳ ನಡುವೆ ಮೇದೋಜೀರಕದ ತುಂಡನ್ನು ಕಸಿ ಮಾಡಿದರು. ಅವಳಿಯದಾದ್ದರಿಂದ ಮೈ ಅದನ್ನು ಹೊರಗಿನದೆಂದು ತಿರಸ್ಕರಿಸಲಿಲ್ಲ. ಆದರೆ ಹಳೆಯ ಕಾಯಿಲೆ ಅದರೊಳಗಿನ ಇನ್ಸುಲಿನ್ ಕಣಗಳನ್ನೇ ಹುಡುಕಿ ತಿಂದಿತು. ಅವಳಿಯದಕ್ಕೇ ಹೀಗಾದರೆ, ಅರ್ಧ ಗುರುತಷ್ಟೇ ಹೊಂದುವ ತಾಯಿಯದಕ್ಕೆ ಹಗೆ ಎರಡು ಕಡೆಯಿಂದ. ಸಾಲದ್ದಕ್ಕೆ, ರಕ್ತ ತಾಗಿದ ಮೊದಲ ಗಳಿಗೆಯಲ್ಲೇ ಹೆಪ್ಪುಗಟ್ಟಿ ಬಹಳಷ್ಟು ದ್ವೀಪಗಳು ಸಾಯುತ್ತವೆ.

ಆದ್ದರಿಂದ ಗುಳಿಗೆ. 2000ದಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿ ಹೊಸ ಔಷಧಗಳ ಜೊತೆ ದ್ವೀಪ ಪಡೆದ 7 ಜನರೂ ಇನ್ಸುಲಿನ್ ಬಿಟ್ಟಾಗ ಲೋಕವೆಲ್ಲ ಹಿಗ್ಗಿತು. 2006ರ ದೊಡ್ಡ ಅಧ್ಯಯನದಲ್ಲಿ 36 ಜನರಲ್ಲಿ ವರ್ಷದ ಹೊತ್ತಿಗೆ ಇನ್ಸುಲಿನ್ ಇಲ್ಲದವರು 16, ಎರಡನೆಯ ವರ್ಷಕ್ಕೆ 5. ಹಾಗೆಂದು ಎಲ್ಲ ವ್ಯರ್ಥವಲ್ಲ. ಸ್ವಲ್ಪ ದ್ವೀಪ ಬದುಕುಳಿದರೂ ಸಕ್ಕರೆ ಧಡಕ್ಕನೆ ಇಳಿಯುವುದು ತಪ್ಪುತ್ತದೆ. ರಾತ್ರಿಯೆಲ್ಲ ಕಾಯುವ ತಾಯಂದಿರಿಗೆ ಅದೇ ದೊಡ್ಡದು. 2023ರಲ್ಲಿ ಅಮೆರಿಕ ಇಂಥ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟದ್ದೂ ಹೀಗೆ ಪದೇಪದೇ ಸಕ್ಕರೆ ಇಳಿದು ಅಪಾಯಕ್ಕೊಳಗಾಗುವ ವಯಸ್ಕರಿಗಷ್ಟೇ.

ಬೆಲೆಯೂ ಇದೆ. ಈ ಗುಳಿಗೆಗಳು ಮೈಯ ಕಾವಲನ್ನೇ ಸಡಿಲಿಸುತ್ತವೆ. ಸೋಂಕಿನ ಭಯ, ಬಾಯಿಹುಣ್ಣು, ಕಿಡ್ನಿಗೆ ಪೆಟ್ಟು; ಗರ್ಭಿಣಿಗೆ ಸಲ್ಲದವೂ ಇವುಗಳಲ್ಲಿವೆ. ಟ್ಯಾಕ್ರೋಲಿಮಸ್ ಎಂಬುದಂತೂ ಕಾಪಾಡಬೇಕಾದ ಇನ್ಸುಲಿನ್ ಕಣಕ್ಕೇ ಕೇಡು ಮಾಡಬಲ್ಲದು. ಎಂಥ ವಿಪರೀತ ನೋಡಿ!

2025ರಲ್ಲಿ ಸ್ವೀಡನ್ನಿನ ಉಪ್ಸಾಲಾದಿಂದ ಬೇರೆ ಸುದ್ದಿ ಬಂತು. ಕಾವಲುಕಣಗಳ ಕಣ್ಣಿಗೆ ಬೀಳದಂತೆ ಜೀನುಗಳನ್ನು ತಿದ್ದಿದ ದ್ವೀಪಗಳನ್ನು ಒಬ್ಬ ರೋಗಿಯ ಮುಂಗೈ ಸ್ನಾಯುವಿನಲ್ಲಿಟ್ಟರು. ಗುಳಿಗೆ ಇಲ್ಲದೆಯೇ 12 ವಾರ ಅವು ಬದುಕಿ ಇನ್ಸುಲಿನ್ ಸುರಿಸಿದವು. ಪ್ರಮಾಣ ಸಣ್ಣದು, ಅವನ ಚುಚ್ಚುಮದ್ದು ನಿಂತಿಲ್ಲ.

“ಒಬ್ಬಂವಗs?” ಎಂದಳು ತಮ್ಮನ ಹೆಂಡತಿ, ನಿರಾಸೆಯಿಂದ. ಹುಡುಗಿ ಪೆನ್ನಿನ ಸೂಜಿ ಬದಲಿಸುತ್ತಾ, “ಅತ್ತೀ, ಆ ಗುಳಿಗಿಗಿಂತ ನಾಕ ಚುಚ್ಚಗೋಳ ಪಾಡ. ಸ್ವೀಡನ್ನಿಂದ ಮುಂದ ಏನಾತ ಅಂತ ಹೇಳ್ರಿ” ಎಂದಳು.

ಸಕ್ಕರೆ ಇಳಿದರೆ ಕೂಗುವ, ತೋಳಿಗೆ ಅಂಟಿಸುವ ಸೆನ್ಸರ್ ಬಂದಿದೆ. ಒಣದ್ರಾಕ್ಷಿ ದುಡ್ಡು ಬಂದ ಕೂಡಲೇ ತರುತ್ತೇನೆ ಎಂದಿದ್ದಾನೆ ತಮ್ಮ. ಅದು ಕೂಗುವುದಕ್ಕಿಂತ ಮೊದಲೇ ತನಗೆ ಎಚ್ಚರವಾಗುತ್ತದೆಂದು ಅವನ ಹೆಂಡತಿಯ ವಾದ.