ಊದುಕುಲುಮೆ ಆರಿದೆ, ಗೇಟು ತೆರೆದಿದೆ

2024ರ ಜುಲೈ, ಬೆಳಿಗ್ಗೆ ಏಳೂವರೆ. ರಾತ್ರಿಯೆಲ್ಲ ಹೊಯ್ದ ಆಷಾಢದ ಮಳೆ ಈಗ ಜಿಟಿಜಿಟಿಗೆ ಇಳಿದಿದೆ. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಗೇಟಿನ ಹತ್ತಿರ ಚಹಾದಂಗಡಿಯ ತಗಡಿನ ಸೂರಿನಡಿ ಒಂದಷ್ಟು ಜನ ಒತ್ತಿಕೊಂಡು ನಿಂತಿದ್ದಾರೆ. ಬನ್ನಿ, ಜಾಗ ಮಾಡಿಕೊಂಡು ನೀವೂ ನಿಲ್ಲಿ. ಟಿವಿಎಸ್ ಎಕ್ಸ್‌ಎಲ್‌ಗಳು, ಸೈಕಲ್‌ಗಳು ಒಂದೊಂದಾಗಿ ಬರುತ್ತಿವೆ. ಹ್ಯಾಂಡಲ್‌ಗೆ ಊಟದ ಡಬ್ಬಿಯ ಚೀಲ, ತಲೆಗೆ ಹಳದಿ ಹೆಲ್ಮೆಟ್, ಅದರ ಮೇಲೊಂದು ಪ್ಲಾಸ್ಟಿಕ್ ಕವರ್. ಪಕ್ಕದಲ್ಲಿ ನಿಂತವನ ಬೂಟು ನೋಡಿ. ಮುಂದಿನ ಚರ್ಮ ಹರಿದು, ಬೆರಳು ಜಜ್ಜದಿರಲೆಂದು ಒಳಗೆ ಕೂರಿಸಿದ ಉಕ್ಕಿನ ಮೂತಿ ಹೊರಗೆ ಇಣುಕುತ್ತಿದೆ. ಅದಕ್ಕೂ ತುಕ್ಕು. ಎರಡು ಕಡೆ ದಪ್ಪ ದಾರದ ಹೊಲಿಗೆ.

"ಹೊಸಾದು ಕೊಡಲ್ವೇನಪ್ಪಾ?"

"ಕಾಯಂನೋರಿಗೆ ಕೊಡ್ತಾರೆ ಸಾರ್. ನಮ್ದು ಕಾಂಟ್ರ್ಯಾಕ್ಟು. ನಮ್ ಕೈಯಿಂದ್ಲೇ."

ಈ ಗೇಟಿನೊಳಗೆ ಒಂದು ಕಾಲಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಈಗ ಕಾಯಂ ನೌಕರರು ಕೆಲವೇ ನೂರು. ಗುತ್ತಿಗೆಯವರು ಸಾವಿರಕ್ಕೂ ಮೇಲೆ. ಅವರಿಗೂ ದಿನಾ ಕೆಲಸವಿಲ್ಲ. ಸರದಿ ಬಂದವರು ಗೇಟು ದಾಟುತ್ತಾರೆ, ಉಳಿದವರು ಚಹಾ ಮುಗಿಸಿ ಅಡಿಕೆ ತೋಟದ ಕೂಲಿಗೋ ಗಾರೆ ಕೆಲಸಕ್ಕೋ ಹೊರಡುತ್ತಾರೆ.

ಕತ್ತೆತ್ತಿದರೆ ಚಿಮಣಿ. ಹೊಗೆ ಇಲ್ಲ. ಬೆಂಚಿನ ತುದಿಯಲ್ಲಿ ಕೂತ ನಿವೃತ್ತ ಯಜಮಾನರು ನಾವು ನೋಡಿದ್ದನ್ನು ನೋಡಿ ನಗುತ್ತಾರೆ. "ನಮ್ ಕಾಲದಲ್ಲಿ ಒಣಗಾಕಿದ ಪಂಚೆ ಮೇಲೆಲ್ಲ ಮಸಿ ಕೂರೋದು ಸ್ವಾಮಿ. ಮನೆಯೋಳು ದಿನಾ ಬೆಳಿಗ್ಗೆ ಫ್ಯಾಕ್ಟ್ರಿಗೆ ಶಾಪ ಹಾಕೋಳು. ಈಗ ಬೈಯೋಕೂ ಏನೂ ಉಳಿದಿಲ್ಲ."

ಇವರ ಹಿಂದಿನ ತಲೆಮಾರಿನವರು ಕಂಡದ್ದು ಮೈಸೂರು ಸಂಸ್ಥಾನದ ಕಾರ್ಖಾನೆ. 1918ರಲ್ಲಿ ಶುರುವಾಗಿ, 1923ರಲ್ಲಿ ಊದುಕುಲುಮೆಗೆ ಬೆಂಕಿ ಬಿತ್ತು. ಕಲ್ಲಿದ್ದಲು ಇಲ್ಲಿಗೆ ದೂರ. ಹಾಗಾಗಿ ಮಲೆನಾಡಿನ ಮರ ಸುಟ್ಟು ಇದ್ದಿಲು ಮಾಡಿದರು. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ತೂಗುತ್ತ ತಣಿಗೆಬೈಲಿಗೆ ಇಳಿದು ಇಲ್ಲಿಗೆ ಬರುತ್ತಿತ್ತು. ಮೊದಲ ವರ್ಷಗಳಲ್ಲಿ ಆದದ್ದು ಬರೀ ನಷ್ಟ. ಮೊದಲ ಮಹಾಯುದ್ಧ ಮುಗಿದು ಬೀಡುಕಬ್ಬಿಣದ ಬೆಲೆ ಬಿದ್ದಿತ್ತು, ಟೀಕೆ ಜೋರಾಗಿತ್ತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನೇ ಸರ್ಕಾರ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. 1929ರವರೆಗೆ ಅವರು ಖರ್ಚು ಹಿಡಿದರು, ಆಡಳಿತ ಬಿಗಿ ಮಾಡಿದರು. ಆಮೇಲೆ 1936ರಲ್ಲಿ ಉಕ್ಕು, ಅದರ ಬೆನ್ನಿಗೇ ಸಿಮೆಂಟು. ಅದೇ 1936ರಲ್ಲಿ ಹೊಳೆಯ ಬದಿಯಲ್ಲೇ ಕಾಗದದ ಕಾರ್ಖಾನೆಯೂ ಸ್ಥಾಪನೆಯಾಯಿತು. ನಷ್ಟದಲ್ಲಿದ್ದ ಊರಿಗೆ ಅಂದಿನ ಸರ್ಕಾರ ಕೊಟ್ಟದ್ದು ಇನ್ನಷ್ಟು ಕೆಲಸ. ಅದಕ್ಕೆ ಬಲಿಯಾದ ಕಾಡಿನ ಲೆಕ್ಕ ಬೇರೆ, ಅದನ್ನು ಮರೆಯುವ ಹಾಗಿಲ್ಲ.

ಎಂಟಕ್ಕೆ ಗೇಟಿನಲ್ಲಿ ಪಾಸು ನೋಡುತ್ತಾರೆ. ನಮ್ಮನ್ನು ಒಳಗೆ ಬಿಡುವುದಿಲ್ಲ. ಆದರೆ ಬಾರ್ ಮಿಲ್ ಓಡುವ ದಿನ ಒಳಗೆ ಏನಾಗುತ್ತದೆಂದು ಹರಿದ ಬೂಟಿನವನೇ ಹೇಳುತ್ತಾನೆ: ಕಾದು ಕೆಂಪಾದ ದಿಮ್ಮಿ ರೋಲರ್‌ಗಳ ಮೇಲೆ ಧಡಧಡ ಓಡಿಬರುತ್ತದೆ, ಮೈಮೇಲಿನ ಕಪ್ಪು ಹಕ್ಕಳೆ ಸಿಡಿದು ಉದುರುತ್ತದೆ, ನೀರು ಬಿದ್ದಲ್ಲಿ ಚೊಯ್ ಎಂದು ಆವಿ ಏಳುತ್ತದೆ. ಸಂಜೆಗೆ ಹಕ್ಕಳೆ ಬಾಚುವುದು ಇವನ ಕೆಲಸ.

ಆ ದಿಮ್ಮಿ ಇಲ್ಲಿ ಹುಟ್ಟಿದ್ದಲ್ಲ. ಕೇಂದ್ರ ಸರ್ಕಾರದ ಉಕ್ಕು ಸಂಸ್ಥೆ ಸೇಲ್ (ಭಾರತೀಯ ಉಕ್ಕು ಪ್ರಾಧಿಕಾರ) ಪೂರ್ವ ಭಾರತದಲ್ಲಿ ನಡೆಸುವ ಕಾರ್ಖಾನೆಗಳಿಂದ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ರೈಲಿನಲ್ಲಿ ಬಂದದ್ದು. ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಸಂಡೂರಿನ ಬೆಟ್ಟಗಳಿವೆ, ದೇಶದ ಒಳ್ಳೆಯ ಅದಿರಿಗೆ ಹೆಸರಾದವು. ಹೊಳೆ ದಂಡೆಯಲ್ಲಿ ಮನೆ ಕಟ್ಟಿಕೊಂಡು ಟ್ಯಾಂಕರ್ ನೀರಿಗೆ ಕಾದಂತೆ.

1989ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಯನ್ನು ಸೇಲ್‌ಗೆ ಒಪ್ಪಿಸಿದಾಗ ಊರಿಗೆ ಧೈರ್ಯ ಬಂದಿತ್ತು. ಕೇಂದ್ರದ ದೊಡ್ಡ ಸಂಸ್ಥೆ, ಇನ್ನೇನು ಬಂಡವಾಳ ಬಂತು ಎಂದುಕೊಂಡರು. ಆಮೇಲೆ ಕೆಮ್ಮಣ್ಣುಗುಂಡಿಯ ಗಣಿಯೂ ನಿಂತಿತು. ಸ್ವಂತ ಗಣಿ ಇಲ್ಲದೆ, ಹೊರಗಿನ ದರಕ್ಕೆ ಅದಿರು ಕೊಂಡು ಹಳೆಯ ಸಣ್ಣ ಕುಲುಮೆಯಲ್ಲಿ ಕರಗಿಸಿದರೆ ಲಾಭ ಎಲ್ಲಿಂದ ಬರಬೇಕು? ಕಾರ್ಖಾನೆಗೆ ಸಂಡೂರಿನ ರಮಣದುರ್ಗದಲ್ಲಿ ಅದಿರಿನ ಗಣಿ ಕೊಡುವ ಮಾತು ವರ್ಷಗಟ್ಟಲೆ ಕಡತದಲ್ಲೇ ಇದೆ. ರಾಜ್ಯ ಕೇಂದ್ರದ ಕಡೆ ಕೈ ತೋರಿಸುತ್ತದೆ, ಕೇಂದ್ರ ರಾಜ್ಯದ ಕಡೆ.

2016ರಲ್ಲಿ ಕಾರ್ಖಾನೆಯನ್ನು ಖಾಸಗಿಗೆ ಮಾರಲು ಕೇಂದ್ರ ಸಂಪುಟ ತಾತ್ವಿಕವಾಗಿ ಒಪ್ಪಿತು. ಕೊಳ್ಳುವ ಉತ್ಸಾಹ ಯಾರಲ್ಲೂ ಕಾಣಲಿಲ್ಲ, 2022ರ ಅಕ್ಟೋಬರ್‌ನಲ್ಲಿ ಆ ಯತ್ನ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಅದೇ ತಿಂಗಳು ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ವಿಧಾನಸಭೆ ಚುನಾವಣೆ ಎದುರಿಗಿತ್ತು. ಆ ಶಾಮಿಯಾನಕ್ಕೆ ಬಂದು ಕೈ ಮುಗಿಯದ ಪಕ್ಷವಿಲ್ಲ. ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು. ಹೋದ ತಿಂಗಳ ಕೊನೆಯ ಭಾನುವಾರ, 2024ರ ಜೂನ್ 30ರಂದು, ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಖುದ್ದು ಬಂದು ನೋಡಿ ಪುನಶ್ಚೇತನದ ಭರವಸೆ ಕೊಟ್ಟು ಹೋದರು. ಯಜಮಾನರು ಲೋಟ ಕೆಳಗಿಟ್ಟು ಹೇಳುತ್ತಾರೆ, "ನಂಬ್ತೀವಿ ಸ್ವಾಮಿ. ನಂಬದೆ ಏನ್ಮಾಡೋದು? ಮಂತ್ರಿ ಬಂದಾಗೆಲ್ಲ ಗೋಡೆಗೆ ಸುಣ್ಣ ಬರ್ತದೆ, ಅದಿರು ಬರಲ್ಲ."

ಇಲ್ಲಿಂದ ಆಟೊ ಹಿಡಿದು ಕಾಗದನಗರಕ್ಕೆ ಹೋಗೋಣ. 1936ರ ಆ ಕಾಗದದ ಕಾರ್ಖಾನೆ, ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ), ಇರುವುದು ಅಲ್ಲೇ. ಅದು ರಾಜ್ಯ ಸರ್ಕಾರದ್ದೇ ಕಂಪನಿ. 2015ರಲ್ಲಿ ಯಂತ್ರ ನಿಂತಿತು. ಹೆಂಚಿನ ಕ್ವಾರ್ಟರ್ಸ್‌ಗಳ ಸಾಲಿನಲ್ಲಿ ಮುರಿದ ಕಿಟಕಿ, ಅಂಗಳದಲ್ಲಿ ಆಳೆತ್ತರ ಹುಲ್ಲು. ನಡುವೆ ಒಂದು ಮನೆಯ ಮುಂದೆ ಮಾತ್ರ ಒದ್ದೆ ನೆಲದ ಮೇಲೆ ರಂಗೋಲಿ. ಕಾಗದವೇ ತಯಾರಾಗದ ಈ ಗಿರಣಿಯ ಅಕೇಶಿಯಾ ನೆಡುತೋಪಿನ 20,000 ಹೆಕ್ಟೇರ್ ಅರಣ್ಯ ಭೂಮಿಯ ಗುತ್ತಿಗೆಯನ್ನು 2020ರಲ್ಲಿ ಸರ್ಕಾರ ಮತ್ತೆ 40 ವರ್ಷಕ್ಕೆ ವಿಸ್ತರಿಸಿತು. ಅಕೇಶಿಯಾಕ್ಕೆ ಸಿಕ್ಕ ಭದ್ರತೆ ಕಾರ್ಮಿಕನಿಗೆ ಸಿಗಲಿಲ್ಲ.

ಭದ್ರಾವತಿಯನ್ನು ಸಾಯಲು ಯಾವ ಸರ್ಕಾರವೂ ಬಿಟ್ಟಿಲ್ಲ ನಿಜ. ಬದುಕಲು ಬೇಕಾದ್ದನ್ನೂ ಕೊಟ್ಟಿಲ್ಲ. ಮುಂದಿನ ಸಲ ಯಾವ ಪಕ್ಷದವರೇ ಆಗಲಿ ಇಲ್ಲಿನ ವೇದಿಕೆ ಹತ್ತಿ ಸಾವಿರಾರು ಕೋಟಿಯ ಮಾತಾಡಿದರೆ, ದಯವಿಟ್ಟು ಎರಡು ಪ್ರಶ್ನೆ ಕೇಳಿ. ಗಣಿಯ ಕರಾರಿಗೆ ಸಹಿ ಬಿದ್ದಿದೆಯೇ? ಗುತ್ತಿಗೆಯವರಿಗೆ ತಿಂಗಳಲ್ಲಿ ಎಷ್ಟು ದಿನ ಕೆಲಸ?