ಮೆಟ್ಟಿಲ ದೀಪ

7 ಜೂನ್ 2025, ಶನಿವಾರ
ಎಸ್.ಪಿ. ರಸ್ತೆಯಿಂದ ತಂದ ಎಲ್‌ಇಡಿ ಪಟ್ಟಿಯನ್ನು ಮೆಟ್ಟಿಲುಗಳ ಅಂಚಿನಡಿ ಅಂಟಿಸಿ ಮುಗಿಯಿತು. ನಮ್ಮದು ಕಪ್ಪು ಗ್ರಾನೈಟ್. ಹಗಲಿಗೆ ಚೆಂದ, ರಾತ್ರಿ ಯಾವ ಮೆಟ್ಟಿಲು ಎಲ್ಲಿ ಮುಗಿಯಿತೆಂದೇ ತಿಳಿಯದು. ಅಮ್ಮ ಹತ್ತುವಾಗ ಹೆದರುವುದಿಲ್ಲ, ಇಳಿಯುವಾಗ ಗೋಡೆ ಹಿಡಿಯುತ್ತಾಳೆ.

15 ಮೆಟ್ಟಿಲು, ಒಂದೊಂದಕ್ಕೆ 20 ದೀಪ. ಪೂರ್ತಿ ಬಿಳಿ ಉರಿದರೆ ದೀಪವೊಂದಕ್ಕೆ 60 ಮಿಲಿಆಂಪ್‌ವರೆಗೆ ಬೇಕು. 300ಕ್ಕೆ 18 ಆಂಪ್. ಸಪ್ಲೈ 10 ಆಂಪಿನದು. ಡಬ್ಲ್ಯುಎಲ್‌ಇಡಿ ತಂತ್ರಾಂಶದಲ್ಲಿ 8 ಆಂಪ್ ಮಿತಿ ಹಾಕಿದೆ. ಅದು ಮೀರುವಂತಿದ್ದರೆ ತಾನೇ ಬೆಳಕು ತಗ್ಗಿಸುತ್ತದೆ.

8 ಜೂನ್, ಭಾನುವಾರ
ನಿಯಂತ್ರಣದ ಪುಟ ಫೋನಿನಲ್ಲಿ ತೆರೆಯಿತು! ದೀಪಗಳನ್ನು ನಡೆಸುವ ಇಎಸ್‌ಪಿ32 ಚಿಪ್ಪೇ ಅದನ್ನು ಮನೆಯ ವೈಫೈಯಲ್ಲಿ ಒದಗಿಸುತ್ತದೆ, ಹೊರಗಿನ ಇಂಟರ್ನೆಟ್ ಬೇಡ. ಅಮ್ಮ ಎಷ್ಟು ಹೊತ್ತಿಗೆ ಎದ್ದಳೆಂಬ ಸುದ್ದಿ ಯಾರದೋ ಸರ್ವರಿಗೆ ಹೋಗುವುದಿಲ್ಲ. ಇದರಲ್ಲಿ ನಾನು ರಾಜಿಯಾಗಲಾರೆ.

ಮಗ ಪುಟದಲ್ಲಿದ್ದ ಬಣ್ಣವನ್ನೆಲ್ಲ ಒತ್ತಿ ಕಾಮನಬಿಲ್ಲು ಓಡಿಸಿದ. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದಳು. "ಇಷ್ಟೊಂದು ಯಾಕೋ? ಕಣ್ಣು ಕುಕ್ಕುತ್ತೆ. ಕಾಲಿಡೋ ಜಾಗ ಕಂಡ್ರೆ ಸಾಕು." ಪ್ರಕಾಶ 255ರಿಂದ 20ಕ್ಕೆ ಇಳಿಸಿ ಹಳದಿಗೆ ತಿರುಗಿಸಿದೆ. "ಹಾಂ, ಇಷ್ಟಿರಲಿ."

12 ಜೂನ್, ಗುರುವಾರ
ರಾತ್ರಿ ಮಳೆ. ಕರೆಂಟ್ ಹೋಗಿ ಬಂತು. ಚಲನೆ ಅರಿತು ದೀಪ ಹೊತ್ತಿಸುವ ಪಿಐಆರ್ ಸೆನ್ಸರ್‌ಗೆ ವಿದ್ಯುತ್ ಬಂದ ಮೇಲೂ ಸುಮಾರು ಒಂದು ನಿಮಿಷ ನೆಲೆಗೆ ಬರಲು ಬೇಕು. ಅಲ್ಲಿಯವರೆಗೆ ಅದರ ಮಾತು ನಂಬುವಂತಿಲ್ಲ. ಅಷ್ಟರಲ್ಲಿ ಅಮ್ಮ ಇಳಿದರೆ? ಕರೆಂಟ್ ಬಂದೊಡನೆ ಎಲ್ಲ ಮೆಟ್ಟಿಲೂ ಉರಿದು, ಸೆನ್ಸರ್ ಸುಧಾರಿಸಿಕೊಂಡ ಮೇಲೆ ಆರುವಂತೆ ಕೋಡ್ ಬದಲಿಸಿದೆ.

15 ಜೂನ್, ಭಾನುವಾರ
ಬೆಳಗಿನ ಜಾವ ಅಮ್ಮ ಇಳಿಯುವುದನ್ನು ಮೇಲಿನಿಂದ ನೋಡಿದೆ. ನಡುವೆ ನಿಂತು ಮಂಡಿ ಸುಧಾರಿಸಿಕೊಳ್ಳುತ್ತಾಳೆ. ಪಿಐಆರ್ ಅರಿಯುವುದು ಚಲನೆಯನ್ನು, ನಿಂತವರನ್ನಲ್ಲ. ಅದೂ ನಮ್ಮಲ್ಲಿ ಸೆನ್ಸರ್ ಇರುವುದು ಮೇಲೊಂದು, ಕೆಳಗೊಂದು. 30 ಸೆಕೆಂಡಿಗೆ ದೀಪ ಆರಿತು, ಅವಳಿನ್ನೂ ಅರ್ಧದಲ್ಲಿ. ಓಡಿಹೋಗಿ ಸ್ವಿಚ್ ಹಾಕಿದೆ. ಪುಟದಲ್ಲಿ ಸಮಯವನ್ನು 120 ಸೆಕೆಂಡ್ ಮಾಡಿದೆ. ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಕಾಲಿಗೆ ಈ ಅಂಕಿ ಹೊಂದಬೇಕು, ಮಗನ ಓಟಕ್ಕಲ್ಲ.

ನಾಳೆ ಎಲೆಕ್ಟ್ರಿಷಿಯನ್ ಬರುತ್ತಾನೆ. ಸಪ್ಲೈಯನ್ನು ಇನ್‌ವರ್ಟರ್ ಲೈನಿಗೆ ಸೇರಿಸಬೇಕು. ಮೇಲೂ ಕೆಳಗೂ ಇರುವ ಹಳೆಯ ಟೂ-ವೇ ಸ್ವಿಚ್ಚನ್ನು ಮಾತ್ರ ಮುಟ್ಟಬೇಡವೆಂದು ಮೊದಲೇ ಹೇಳಬೇಕು.