ವ್ರತ ನಮ್ಮದು, ತಟ್ಟೆ ಮಗುವಿನದು

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳಲ್ಲಿ ಆಹಾರದಾನವನ್ನು ಮೊದಲು ಎಣಿಸುವುದು ಬಾಲ್ಯದಿಂದಲೇ ನಮ್ಮ ಕಿವಿಗೆ ಬಿದ್ದ ಪಾಠ. ಮುನಿಗಳು ಆಹಾರಕ್ಕೆ ಬರುವ ದಿನ ಶ್ರಾವಕರ ಮನೆಯಲ್ಲಿ ಎಷ್ಟೊಂದು ಎಚ್ಚರ! ನೀರನ್ನು ಸೋಸಿ ಕಾಯಿಸುತ್ತೇವೆ. ಧಾನ್ಯವನ್ನು ಕಾಳುಕಾಳಾಗಿ ಆರಿಸುತ್ತೇವೆ. ಈ ಪದಾರ್ಥ ಋತುವಿಗೆ ಹೊಂದುವುದೇ, ತಪಸ್ಸಿನಿಂದ ಬಳಲಿದ ದೇಹಕ್ಕೆ ಜೀರ್ಣವಾಗುವುದೇ ಎಂದು ಹಿರಿಯರನ್ನು ಕೇಳಿ ತಿಳಿಯುತ್ತೇವೆ. ಪಾತ್ರದಾನದಲ್ಲಿ ತೋರುವ ಈ ವಿವೇಕವನ್ನು ಕರುಣಾದಾನದಲ್ಲಿ ಎಷ್ಟರಮಟ್ಟಿಗೆ ತೋರುತ್ತೇವೆ? ಬಡವರ ಮಕ್ಕಳಿಗೆ ಕೊಡುವಾಗ ಹಬ್ಬದ ದಿನ ಒಂದು ಲಾಡು, ಹುಟ್ಟುಹಬ್ಬಕ್ಕೆ ಒಂದು ಪೊಟ್ಟಣ ಬಿಸ್ಕತ್ತು, ಮದುವೆಯಲ್ಲಿ ಉಳಿದ ಅನ್ನ, ಇಷ್ಟರಲ್ಲಿಯೇ ನಮ್ಮ ಮನಸ್ಸು ತೃಪ್ತವಾಗುತ್ತದೆ. ರಾಯಚೂರಿನಲ್ಲಿ ಒಂದು ಶಿಶುಪಾಲನಾ ಕೇಂದ್ರಕ್ಕೆ ಊಟದ ಪಟ್ಟಿ ಸಿದ್ಧಪಡಿಸುವ ಹೊಣೆ ನನ್ನ ಪಾಲಿಗೆ ಬಂದಾಗ ಈ ಪ್ರಶ್ನೆಯನ್ನು ಎದುರಿಸದೆ ಗತ್ಯಂತರವಿರಲಿಲ್ಲ.

ನಗರದ ಧರ್ಮಶ್ರದ್ಧೆಯುಳ್ಳ ಕೆಲವು ಕುಟುಂಬಗಳು ಸೇರಿ, ಹತ್ತಿಯ ಜಿನ್ನಿಂಗ್ ಗಿರಣಿಗಳಲ್ಲಿ, ಅಕ್ಕಿ ಗಿರಣಿಗಳಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಏರ್ಪಾಟು ಮಾಡಿದರು. ಒಂದು ವರ್ಷದಿಂದ ಆರು ವರ್ಷದವರೆಗಿನ ಮೂವತ್ತರಷ್ಟು ಮಕ್ಕಳು. ನಾನು ಗೃಹವಿಜ್ಞಾನದ ಅಧ್ಯಾಪಿಕೆಯಾಗಿ ನಿವೃತ್ತಳಾದವಳೆಂಬ ಕಾರಣದಿಂದ ಅಡುಗೆಮನೆಯ ವಿಚಾರವನ್ನು ನನಗೆ ಒಪ್ಪಿಸಿದರು.

ತಾಯಂದಿರಲ್ಲಿ ಹೆಚ್ಚಿನವರು ದೇವದುರ್ಗ ಹಾಗೂ ಮಾನ್ವಿ ತಾಲ್ಲೂಕುಗಳಿಂದ ಬಂದವರಾದ್ದರಿಂದ, ಪಟ್ಟಿ ಬರೆಯುವ ಮೊದಲು ಆ ಊರುಗಳಿಗೆ ಹೋಗಿ ಮಕ್ಕಳು ಮನೆಯಲ್ಲಿ ಏನನ್ನು ಉಣ್ಣುತ್ತಾರೆಂದು ನೋಡಿ ಬಂದೆ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡು ಬಡತನಕ್ಕೆ ಹುಟ್ಟಿದ ನೆಲವಲ್ಲ. ಬಿಳಿಜೋಳ, ತೊಗರಿ, ಹೆಸರು, ಶೇಂಗಾ, ಸಜ್ಜೆ, ನವಣೆ ಇಲ್ಲಿಯ ಬೆಳೆಗಳೇ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಭತ್ತ ಬೆಳೆಯಿತು; ಅನ್ನ ಹತ್ತಿರವಾಯಿತು, ಜೋಳವೂ ಕಾಳುಗಳೂ ದೂರವಾದವು. ದೇವದುರ್ಗದ ಭಾಗಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದಿದ್ದರೂ, ಮಳೆಯನ್ನೇ ನಂಬಿದ ದೊಡ್ಡಿಗಳು ಅನೇಕ. ಬೆಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೋಗುವುದು ಅವರಿಗೆ ಹೊಸದಲ್ಲ. ಇಂಥ ಮನೆಗಳ ಕೂಸಿಗೆ ಬೆಳಿಗ್ಗೆ ಚಹದಲ್ಲಿ ಅದ್ದಿದ ಬಿಸ್ಕತ್ತು, ಮಧ್ಯಾಹ್ನ ಅನ್ನ ಮತ್ತು ತಿಳಿಸಾರು, ರಾತ್ರಿ ತಾಯಿ ಬರುವ ಹೊತ್ತಿಗೆ ನಿದ್ದೆ.

“ಗಂಜಿ ಹೊಟ್ಟಿ ತುಂಬ ಕುಡೀತೈತ್ರಿ ಅಮ್ಮಾರ, ಒಂದು ತಾಸಿಗೆ ಮತ್ತ ಅಳತೈತಿ,” ಎಂದು ದೇವದುರ್ಗದ ಕಡೆಯ ಒಬ್ಬ ತಾಯಿ ಹೇಳಿದಳು. ಪುಸ್ತಕಗಳಲ್ಲಿ ನಾನು ವರ್ಷಗಟ್ಟಲೆ ಕಲಿಸಿದ ವಿಷಯವನ್ನು ಆಕೆ ಒಂದೇ ಮಾತಿನಲ್ಲಿ ಹೇಳಿದ್ದಳು. ಮಗುವಿನ ಹೊಟ್ಟೆ ಚಿಕ್ಕದು. ತೆಳು ಗಂಜಿಯಲ್ಲಿ ನೀರೇ ಹೆಚ್ಚು. ಹೊಟ್ಟೆ ತುಂಬಿದರೂ ದೇಹಕ್ಕೆ ಬೇಕಾದುದು ದೊರೆಯುವುದಿಲ್ಲ. ಚಿಕ್ಕ ಮಕ್ಕಳಿಗೆ ಸ್ವಲ್ಪ ಸ್ವಲ್ಪವಾಗಿ, ಗಟ್ಟಿಯಾಗಿ, ಒಂದು ಚಮಚ ತುಪ್ಪ ಅಥವಾ ಎಣ್ಣೆ ಬೆರೆಸಿ, ದಿನಕ್ಕೆ ನಾಲ್ಕೈದು ಬಾರಿ ಉಣಿಸಬೇಕು.

ಪಟ್ಟಿಯ ವಿಚಾರ ಸಭೆಗೆ ಬಂದ ದಿನ ಮೊಟ್ಟೆಯ ಪ್ರಶ್ನೆ ಎದ್ದಿತು. ೨೦೨೧ರ ಡಿಸೆಂಬರಿನಲ್ಲಿ ಸರ್ಕಾರವು ಬೀದರ್, ರಾಯಚೂರು, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ, ಈ ಏಳು ಜಿಲ್ಲೆಗಳ ಶಾಲಾಮಕ್ಕಳಿಗೆ ಬಿಸಿಯೂಟದೊಡನೆ ಮೊಟ್ಟೆಯನ್ನು, ತಿನ್ನದವರಿಗೆ ಬಾಳೆಹಣ್ಣನ್ನು ಕೊಡಲಾರಂಭಿಸಿದುದೂ, ಕೆಲವು ಮಠಗಳೂ ನಮ್ಮ ಸಮಾಜದ ಕೆಲವರೂ ಅದನ್ನು ವಿರೋಧಿಸಿದುದೂ, ೨೦೨೨ರಲ್ಲಿ ಅದು ರಾಜ್ಯದ ಇತರ ಜಿಲ್ಲೆಗಳಿಗೂ ವಿಸ್ತರಿಸಿದುದೂ ವಾಚಕರಿಗೆ ನೆನಪಿರಬಹುದು. ನಮ್ಮ ಕೇಂದ್ರದ ಅಡುಗೆಮನೆಯಲ್ಲಿ ಮೊಟ್ಟೆ ಬರಕೂಡದೆಂಬುದರಲ್ಲಿ ಸಭೆಗೆ ಒಮ್ಮತವಿತ್ತು. ನನ್ನದೂ ಅದೇ ಮತ. ಆದರೆ ಒಬ್ಬ ಯುವ ವೈದ್ಯ, ನಮ್ಮ ಸಮಾಜದವನೇ, ವಿನಯದಿಂದ ಕೇಳಿದ: “ಬೇಡವೆನ್ನುವುದು ಸರಿ ಕಾಕಾ. ಅದರ ಬದಲಿಗೆ ಏನು, ಎಷ್ಟು, ವಾರಕ್ಕೆ ಎಷ್ಟು ದಿನ?” ಸಭೆಯಲ್ಲಿ ಯಾರೂ ಮಾತಾಡಲಿಲ್ಲ.

ಆ ಪ್ರಶ್ನೆಯಲ್ಲಿಯೇ ಧರ್ಮದ ತಿರುಳಿದೆ ಎಂದು ನನಗೆ ತೋರಿತು. ನಾನು ಉಪವಾಸ ಮಾಡಿದರೆ ಹಸಿವು ನನ್ನದು. ಅದರಿಂದ ಸಂಯಮ ಬೆಳೆಯುತ್ತದೆ. ನನ್ನ ವ್ರತದ ನಿಮಿತ್ತ ಇನ್ನೊಬ್ಬರ ಮಗುವಿನ ತಟ್ಟೆಯಲ್ಲಿ ಕಡಿಮೆಯಾದರೆ ಹಸಿವು ಆ ಮಗುವಿನದು, ಪುಣ್ಯ ಮಾತ್ರ ನನ್ನದೆಂದು ಎಣಿಸುವುದು ಯಾವ ನ್ಯಾಯ? ಮೊಟ್ಟೆಯನ್ನು ಬಿಡುವೆವೆಂದು ನಿಶ್ಚಯಿಸಿದ ಕ್ಷಣವೇ, ಅದು ಕೊಡಬಹುದಾಗಿದ್ದುದನ್ನು ಅಳೆದು ತೂಗಿ ಪ್ರತಿದಿನ ಕೊಡುವ ಋಣ ನಮ್ಮ ಮೇಲೆ ಬೀಳುತ್ತದೆ.

ಲೆಕ್ಕ ಹಾಕಲು ಕುಳಿತೆವು. ಒಂದು ಮೊಟ್ಟೆಯಲ್ಲಿ ಸುಮಾರು ೬ ಗ್ರಾಂ ಪ್ರೋಟೀನು, ಜೊತೆಗೆ ಎ ಜೀವಸತ್ವ, ಬಿ-೧೨ ಜೀವಸತ್ವಗಳಿವೆ. ೨೫ ಗ್ರಾಂ ಹೆಸರುಬೇಳೆಯಲ್ಲಿಯೂ ೨೫ ಗ್ರಾಂ ಶೇಂಗಾದಲ್ಲಿಯೂ ಸರಿಸುಮಾರು ಅಷ್ಟೇ ಪ್ರೋಟೀನಿದೆ. ಆದರೆ ಬೇಳೆಯ ಪ್ರೋಟೀನು ಒಂಟಿಯಾಗಿ ಅಷ್ಟು ಪರಿಪೂರ್ಣವಲ್ಲ. ಜೋಳ ಅಥವಾ ಅಕ್ಕಿಯೊಡನೆ ಬೆರೆತಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿ ಬೇಳೆಯನ್ನು ಜೊತೆಯಾಗಿಸಿದ ನಮ್ಮ ಅಜ್ಜಿಯರಿಗೆ ರಸಾಯನಶಾಸ್ತ್ರ ತಿಳಿಯದಿದ್ದರೂ ಊಟ ತಿಳಿದಿತ್ತು. ಎ ಜೀವಸತ್ವಕ್ಕೆ ನುಗ್ಗೆಸೊಪ್ಪು, ಸಿಹಿಗುಂಬಳ, ಪಪ್ಪಾಯಿ ಇವೆ. ಕಂದಮೂಲವಾದ ಗಜ್ಜರಿ ಬೇಕೇಬೇಕೆಂದಿಲ್ಲ. ಬಿ-೧೨ ಜೀವಸತ್ವವೊಂದು ಮಾತ್ರ ಕಾಳು ಸೊಪ್ಪುಗಳಲ್ಲಿ ದೊರೆಯದು. ಸಸ್ಯಾಹಾರಿಗಳಿಗೆ ಹಾಲು ಮೊಸರುಗಳೇ ಅದರ ಆಧಾರ. ಆದ್ದರಿಂದ ಹಣ ಸಾಲದ ತಿಂಗಳಲ್ಲಿ ಸಿಹಿಯನ್ನು ಕಡಿಮೆ ಮಾಡಬಹುದು, ಹಾಲನ್ನು ಮಾತ್ರ ಮುಟ್ಟಬಾರದೆಂದು ನಡಾವಳಿಯಲ್ಲಿ ಬರೆಸಿದೆವು.

ಅಂಗನವಾಡಿಗಳ ಪೂರಕ ಆಹಾರಕ್ಕೆ ೨೦೨೩ರ ಪರಿಷ್ಕರಣೆಗೆ ಮೊದಲು ಸರ್ಕಾರ ಗೊತ್ತುಪಡಿಸಿದ್ದ ಅಳತೆ ಮಗುವೊಂದಕ್ಕೆ ದಿನಕ್ಕೆ ೫೦೦ ಕ್ಯಾಲರಿ, ೧೨ರಿಂದ ೧೫ ಗ್ರಾಂ ಪ್ರೋಟೀನು ಆಗಿತ್ತು. ನಮ್ಮಲ್ಲಿ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಇರುವುದರಿಂದ ಅದಕ್ಕಿಂತ ಕೆಳಗಿಳಿಯಕೂಡದು, ಸಾಧ್ಯವಾದಷ್ಟು ಮೇಲಿರಬೇಕು ಎಂದು ನಿಶ್ಚಯಿಸಿದೆವು. ಬೆಳಿಗ್ಗೆ ೧೫೦ ಮಿಲಿಲೀಟರ್ ಕಾಯಿಸಿದ ಹಾಲಿನಲ್ಲಿ ರಾಗಿಯ ಅಥವಾ ಜೋಳದ ಹಿಟ್ಟಿನ ಗಟ್ಟಿ ಅಂಬಲಿ. ಚಹ ಸರ್ವಥಾ ಇಲ್ಲ, ಏಕೆಂದರೆ ಅದು ಆಹಾರದ ಕಬ್ಬಿಣವು ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಮಧ್ಯಾಹ್ನ ದಪ್ಪ ಹೆಸರುಬೇಳೆಯಲ್ಲಿ ನೆನೆಸಿ ಮಿದುಮಾಡಿದ ಜೋಳದ ರೊಟ್ಟಿ, ಇಲ್ಲವೇ ಬೇಳೆ ತರಕಾರಿ ಬೆರೆಸಿದ ಖಿಚಡಿ. ಮೇಲೆ ನಾಲ್ಕು ಹನಿ ನಿಂಬೆರಸ, ಅದು ಕಬ್ಬಿಣಕ್ಕೆ ಸಹಾಯಕ. ಮೂರು ಗಂಟೆಗೆ ಬಾಳೆ, ಪಪ್ಪಾಯಿ ಅಥವಾ ಪೇರಲ ಹಣ್ಣು, ಬೆಲ್ಲದಲ್ಲಿ ಕಟ್ಟಿದ ಶೇಂಗಾಪುಡಿಯ ಸಣ್ಣ ಉಂಡಿ. ಚಿಕ್ಕವರಿಗೆ ಇಡಿಯ ಶೇಂಗಾಬೀಜ ಕೊಡಕೂಡದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಸಂಜೆ ಐದಕ್ಕೆ ಮೊಸರನ್ನ, ಅಥವಾ ತರಕಾರಿ ಹಾಕಿದ ಜೋಳದ ರವೆಯ ಉಪ್ಪಿಟ್ಟು ಮತ್ತು ಹಾಲು. ಬೇಳೆ ಮಧ್ಯಾಹ್ನಕ್ಕೆ, ಮೊಸರು ಸಂಜೆಗೆ ಎಂದು ಬೇರ್ಪಡಿಸಿದ್ದರಿಂದ ದ್ವಿದಳದ ನಿಯಮಕ್ಕೂ ಬಾಧೆ ಬರಲಿಲ್ಲ.

ನಮ್ಮ ಆಚಾರಗಳಲ್ಲಿ ಎಷ್ಟೋ ಸಂಗತಿಗಳು ಮಗುವಿನ ಹಿತದೊಡನೆ ಸಹಜವಾಗಿ ಕೂಡಿಕೊಂಡವು. ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ನಿಯಮವನ್ನೇ ನೋಡಿ. ತಾಯಿ ಮನೆ ಸೇರಿ ಒಲೆ ಹಚ್ಚುವ ಹೊತ್ತಿಗೆ ಮಗು ಮಲಗಿರುತ್ತದೆ. ಐದು ಗಂಟೆಯ ತಟ್ಟೆ ಹೊಟ್ಟೆ ತುಂಬಿಸಿದರೆ ಹಸಿದು ಮಲಗುವುದು ತಪ್ಪುತ್ತದೆ. ಜೇನನ್ನು ನಾವು ವರ್ಜಿಸುತ್ತೇವೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬಾರದೆಂದು ವೈದ್ಯರೂ ಹೇಳುತ್ತಾರೆ. ನೀರನ್ನು ಸೋಸುವುದು ನಮ್ಮ ಗುರುತೇ ಆಗಿದೆ. ಆದರೆ ಬಟ್ಟೆಯ ಜೊತೆಗೆ ಬೆಂಕಿಯೂ ಬೇಕು. ೨೦೨೨ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದುದನ್ನೂ ಕೆಲವರು ಪ್ರಾಣ ಬಿಟ್ಟುದನ್ನೂ ಕಂಡ ಊರು ನಮ್ಮದು. ಸೋಸಿದ ನೀರನ್ನು ಕುದಿಸಿ ಆರಿಸಿಯೇ ಮಕ್ಕಳಿಗೆ ಕೊಡತಕ್ಕದ್ದು.

ಎಲ್ಲವೂ ಹೀಗೆ ಸುಲಭವಾಗಿ ಕೂಡಲಿಲ್ಲ. ಚಾತುರ್ಮಾಸ ಬಂದಾಗ ಕೆಲವು ಹಿರಿಯರು ನಾಲ್ಕು ತಿಂಗಳು ಸೊಪ್ಪನ್ನು ಬಿಡಬೇಕೆಂದರು. ಮಳೆಗಾಲದಲ್ಲಿ ಸೊಪ್ಪಿನ ಎಡೆಯಲ್ಲಿ ಸೂಕ್ಷ್ಮಜೀವಿಗಳು ಹೆಚ್ಚೆಂಬ ಭೀತಿ ಆ ತ್ಯಾಗದ ಹಿಂದಿದೆ, ಅದು ಆದರಣೀಯ. ಆದರೆ ರಕ್ತಹೀನತೆಯಿಂದ ಬಿಳಿಚಿಕೊಂಡ ಮಗುವಿಗೆ ನಾಲ್ಕು ತಿಂಗಳು ಸಣ್ಣ ಅವಧಿಯಲ್ಲ, ಮೇಲಾಗಿ ಆ ಮಗು ಯಾವ ವ್ರತವನ್ನೂ ಸ್ವೀಕರಿಸಿಲ್ಲ. ವ್ರತವೆಂಬುದು ತಿಳಿದು, ಒಪ್ಪಿ, ತಾನಾಗಿ ಕೊಳ್ಳುವಂಥದು. ಪರರ ಮೇಲೆ ಹೊರಿಸಿದರೆ ಅದು ವ್ರತವಾಗದೆ ಬರಿಯ ಕಟ್ಟಳೆಯಾಗುತ್ತದೆ. ಬಹಳ ಚರ್ಚೆಯ ಬಳಿಕ ನೆಲದ ಸೊಪ್ಪುಗಳನ್ನು ಆ ತಿಂಗಳುಗಳಲ್ಲಿ ಬಿಟ್ಟು, ಮರದ ಮೇಲಿನ ನುಗ್ಗೆಸೊಪ್ಪನ್ನು ಎಲೆಎಲೆಯಾಗಿ ಬೆಳಕಿನಲ್ಲಿ ನೋಡಿ, ತೊಳೆದು ಬಳಸುವುದೆಂದು ಒಪ್ಪಂದವಾಯಿತು. ವಿರೋಧಿಸಿದ್ದ ಹಿರಿಯರೊಬ್ಬರು ತಮ್ಮ ಹಿತ್ತಲಿನ ನುಗ್ಗೆಮರದ ಸೊಪ್ಪನ್ನೇ ಕಳುಹಿಸತೊಡಗಿದರು.

ಇನ್ನೊಂದು ಪ್ರಸಂಗವನ್ನು ಹೇಳದೆ ಇರಲಾರೆ. ಮಾನ್ವಿಯ ಕಡೆಯ ಒಬ್ಬ ತಾಯಿ ಮಗುವನ್ನು ಸೇರಿಸಲು ಬಂದು ಬಾಗಿಲಲ್ಲೇ ನಿಂತಳು. “ನಮ್ಮ ಮನ್ಯಾಗ ತತ್ತಿ ತಿಂತೀವ್ರಿ ಅಮ್ಮಾರ. ಕೂಸಿನ್ನ ತಗೊಳ್ಳಾಂಗಿಲ್ಲೇನ್ರಿ?” ಎಂದಳು. ಅವಳ ಮುಖದಲ್ಲಿದ್ದ ಅಂಜಿಕೆ ನಮ್ಮ ಅಹಿಂಸೆಗೆ ಗೌರವ ತರುವಂಥದಾಗಿರಲಿಲ್ಲ. “ನಿನ್ನ ಮನಿ ಊಟ ನಿನ್ನದವ್ವಾ. ಇಲ್ಲಿ ನಾವು ಉಣ್ಣೋದನ್ನ ಕೂಸಿಗೂ ಉಣಸ್ತೀವಿ, ಒಳಗ ಬಾ,” ಎಂದೆ. ಮನೆಯಲ್ಲಿ ಏನು ತಿನ್ನುತ್ತಾರೆಂದು ಯಾವ ತಾಯಿಯನ್ನೂ ಕೇಳಬಾರದೆಂಬ ನಿಯಮವನ್ನು ಮರುದಿನವೇ ಮಾಡಿಕೊಂಡೆವು. ಸರ್ಕಾರಿ ಶಾಲೆಯ ಮೊಟ್ಟೆಯ ವಿಷಯದಲ್ಲಿಯೂ ನನ್ನ ನಮ್ರ ಅಭಿಪ್ರಾಯ ಇಷ್ಟೇ: ನಮ್ಮ ಮಕ್ಕಳು ಅದನ್ನು ತಿನ್ನಬೇಕಾಗಿಲ್ಲ, ಆ ಹಕ್ಕನ್ನು ನಾವು ಕಾಪಾಡಿಕೊಳ್ಳೋಣ. ತಿನ್ನುವ ಬಡವರ ಮಗುವಿನ ತಟ್ಟೆಯಿಂದ ಅದನ್ನು ತೆಗೆಯಿರೆಂದು ಕೇಳುವ ಮುನ್ನ, ಅಷ್ಟೇ ಸತ್ವದ ಬೇರೊಂದು ಪದಾರ್ಥವನ್ನು ನಮ್ಮ ಕೈಯಿಂದ ಆ ತಟ್ಟೆಗೆ ಹಾಕಿದ್ದೇವೆಯೇ ಎಂದು ಆತ್ಮಪರೀಕ್ಷೆ ಮಾಡಿಕೊಳ್ಳೋಣ. ಭಿನ್ನಾಭಿಪ್ರಾಯವುಳ್ಳವರು ಕ್ಷಮಿಸಬೇಕು.

ಪಟ್ಟಿ ಬರೆಯುವುದಕ್ಕಿಂತ ಅದನ್ನು ನಡೆಸುವುದು ಕಷ್ಟ. ಅಡುಗೆಮನೆಯಲ್ಲಿ ತಕ್ಕಡಿ ಇರಲೇಬೇಕು. ಅಂದಾಜಿನ ಬೇಳೆ ತಿಂಗಳ ಕೊನೆಯಲ್ಲಿ ತಿಳಿಸಾರಾಗುತ್ತದೆ. ಮಕ್ಕಳ ತೂಕವನ್ನು ತಿಂಗಳಿಗೊಮ್ಮೆ ಬರೆದಿಡಬೇಕು. ತೂಕ ಏರದ ಮಗುವನ್ನು ವೈದ್ಯರಿಗೆ ತೋರಿಸಬೇಕು, ಪಟ್ಟಿ ಚೆನ್ನಾಗಿದೆಯೆಂದು ಸಮಾಧಾನಪಡಬಾರದು. ದಾನಿಗಳು ಸಾಮಾನ್ಯವಾಗಿ ಜಿಲೇಬಿ, ಬಿಸ್ಕತ್ತುಗಳನ್ನು ತರುತ್ತಾರೆ. ಮಕ್ಕಳ ನಗುವನ್ನು ಕಣ್ಣಾರೆ ಕಾಣುವ ಆಸೆ ಅವರದು, ಅದು ತಪ್ಪಲ್ಲ. ಅವರಿಗೆ “ಒಂದು ವಾರದ ಹಾಲು”, “ಒಂದು ತಿಂಗಳ ಹೆಸರುಬೇಳೆ” ಎಂದು ಬರೆದ ಚೀಟಿಗಳನ್ನು ಕೊಡುವ ಪದ್ಧತಿ ಮಾಡಿದೆವು. ಹುಟ್ಟುಹಬ್ಬದ ದಿನ ಬಂದು ತಮ್ಮ ಕೈಯಿಂದಲೇ ಹಾಲು ಹಂಚಿದವರು ಜಿಲೇಬಿ ಹಂಚಿದವರಷ್ಟೇ ಸಂತೋಷದಿಂದ ಮರಳಿದರು.

ಬಸದಿ ಮತ್ತು ಮಂದಿರಗಳ ಟ್ರಸ್ಟಿನವರಲ್ಲಿ ನನ್ನದೊಂದು ವಿನಂತಿ. ನಮ್ಮ ಭೋಜನಶಾಲೆಗಳಲ್ಲಿ ದೊಡ್ಡ ದೊಡ್ಡ ಪಾತೆಲೆಗಳು, ಒಲೆಗಳು, ನೀರು ಸೋಸುವ ಏರ್ಪಾಟು ಎಲ್ಲವೂ ಇವೆ. ಪರ್ವದಿನಗಳನ್ನು ಬಿಟ್ಟರೆ ವರ್ಷದ ಹೆಚ್ಚಿನ ದಿನ ಅವು ಮುಚ್ಚಿಯೇ ಇರುತ್ತವೆ. ಹತ್ತಿರದಲ್ಲಿ ಕೂಲಿ ತಾಯಂದಿರ ಮಕ್ಕಳಿದ್ದರೆ ಮುಂದಿನ ಸಭೆಯಲ್ಲಿ ಆ ವಿಷಯವನ್ನು ಎತ್ತಿಕೊಳ್ಳಿ. ಏನನ್ನು ಕೊಡಬಾರದೆಂಬುದರ ಜೊತೆಗೆ ಏನನ್ನು ಕೊಡುವೆವು, ಎಷ್ಟು ಕೊಡುವೆವು, ಯಾರು ತೂಗಿ ನೋಡುವರು ಎಂಬುದನ್ನೂ ಅದೇ ನಡಾವಳಿಯಲ್ಲಿ ಬರೆಸಿ.